ದಾದಾ ಹೂಳಿದ ತಂತಿ

ಒಂದು ದೃಶ್ಯ ನನ್ನ ತಲೆಯಲ್ಲಿದೆ. ಅದು ನಡೆದದ್ದು ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಮಳೆ ಜಿನುಗುತ್ತಿದೆ. ಭಾಲ್ಕಿಯಿಂದ ಭಾತಂಬ್ರಾಕ್ಕೆ ಹೋಗುವ ದಾರಿಯ ಪಕ್ಕದ ಹೊಲದಲ್ಲಿ, ಹಳ್ಳದ ದಂಡೆಗೆ, ಒಬ್ಬರು ಮೊಳಕಾಲೂರಿ ಕೂತಿದ್ದಾರೆ. ಎದುರಿಗೆ ಇಟ್ಟಂಗಿಯಿಂದ ಕಟ್ಟಿದ ಸಣ್ಣ ಗುಂಡಿ. ಅದರ ಮುಚ್ಚಳ ಬದಿಗೆ ಸರಿದಿದೆ. ಅವರ ಕಿವಿಗೆ ಹಳೆಯ ಟೆಲಿಫೋನಿನ ಹ್ಯಾಂಡ್‌ಸೆಟ್. ಮಾತಾಡುತ್ತಿಲ್ಲ. ಕೇಳುತ್ತಿದ್ದಾರೆ, ಅಷ್ಟೆ.

ಇದು ಅವರ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ತೀರಿಕೊಂಡ ನಂತರದ್ದು ಎಂದು ನೆನಪು ಹೇಳುತ್ತದೆ. ಆದರೆ ಅವರು ಅದೇ ಗುಂಡಿಯ ಮುಂದೆ, ಹಾಗೆಯೇ ಕೂತಿದ್ದನ್ನು, ಅದಕ್ಕೂ ಮುಂಚೆ ಎಷ್ಟೋ ಸಲ ನೋಡಿದ್ದೇನೆ. ಮಳೆ ಒಂದು ದಿನದ್ದು, ಆ ಮುಖ ಇನ್ನೊಂದು ದಿನದ್ದು ಆಗಿರಬಹುದು. ಎರಡನ್ನೂ ಕೂಡಿಸಿ ಹೊಲಿದವನು ನಾನೇ ಇರಬಹುದು. ಅವರ ಕೊನೆಯ ವರ್ಷ ಎಂಥದಾಗಿತ್ತು ಎಂಬುದು ಈ ಒಂದು ದೃಶ್ಯದ ಮೇಲೆ ನಿಂತಿರುವುದರಿಂದ ನನಗೆ ಇದನ್ನು ಬಿಡಲಾಗುತ್ತಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ನಾನು ಹೆಸರು ಹಿಡಿದು ಕರೆದವನಲ್ಲ, ಅಣ್ಣನೆಂಬಂತೆ ದಾದಾ ಎನ್ನುತ್ತಿದ್ದೆ. ಅವರು ನನ್ನನ್ನು ‘ಅರ್ಧಾ ಡಾಕ್ಟರ್’ ಎನ್ನುತ್ತಿದ್ದರು. ಕಲಬುರಗಿಯಲ್ಲಿ ಭೌತಶಾಸ್ತ್ರ ಓದಿ, ಪಿಎಚ್‌ಡಿಯನ್ನು ನಡುವೆ ಬಿಟ್ಟು, ಭಾಲ್ಕಿಯ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿದ್ದವನು ನಾನು. ಒಂದು ಕಡೆ ಕೂತರೆ ಕಾಲು ಕುಣಿಯುತ್ತದೆ. ಕ್ಲಾಸು ಮುಗಿದದ್ದೇ ಬೈಕು ಹತ್ತಿ ಅವರ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಜಗಳಕ್ಕೆ ಏನಾದರೊಂದು ಸಿಗುತ್ತಿತ್ತು.

ದಾದಾ ಔರಾದ್ ಕಡೆಯ ಡಾಬಕಾದವರು. ಅವರ ಮನೆತನದಲ್ಲಿ ಸರ್ಕಾರಿ ಪಗಾರ ಕಂಡವರಲ್ಲಿ ಅವರೇ ಮೊದಲಿಗರು. ಟೆಲಿಫೋನ್ ಕೇಬಲ್ ಕೂಡಿಸುವ ಕೆಲಸ. ಮೊಬೈಲು ಬಂದು ಆ ಕೇಬಲ್ಲುಗಳೆಲ್ಲ ಮಣ್ಣಿನಲ್ಲೇ ಸತ್ತಾಗ ವಯಸ್ಸಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು, ಭಾತಂಬ್ರಾದ ದಾರಿಗೆ ಹೊಲ ಹಿಡಿದು, ರಸ್ತೆಗೆ ಒಂದು ತಗಡಿನ ಅಂಗಡಿ ಹಾಕಿದರು. ದೊಡ್ಡ ಹೊಲಗಳಲ್ಲಿ ಮನೆ ಒಂದು ಮೂಲೆಗೆ, ಬಾವಿ ಇನ್ನೊಂದು ಮೂಲೆಗೆ, ಗೇಟು ಎಲ್ಲೋ ದೂರಕ್ಕೆ ಇರುತ್ತದೆ. ಮನೆಯಲ್ಲಿ ಕೂತೇ ಪಂಪು ಹಚ್ಚಬೇಕು, ಗೇಟು ತೆರೆಯಬೇಕು, ಕೊಟ್ಟಿಗೆಯ ದೀಪ ಹಾಕಬೇಕು ಎನ್ನುವ ಆಸೆ ಜನರಿಗೆ ಹುಟ್ಟಿದ ಕಾಲ ಅದು. ಬೀದರಿನ ಹುಡುಗರು ಅದನ್ನು ಫೋನಿನಿಂದ, ವೈಫೈನಿಂದ ಮಾಡಿಕೊಡುತ್ತಿದ್ದರು. ದಾದಾ ಮಣ್ಣಿನೊಳಗೆ ಪೈಪು ಹಾಸಿ, ಪೈಪಿನೊಳಗೆ ತಂತಿ ಎಳೆದು ಮಾಡುತ್ತಿದ್ದರು.

“ಮಳಿ ಬಂದ್ರ ನಿಮ್ಮ ನೆಟ್‌ವರ್ಕ್ ಹೋಗಿ ಗುಡಿಸಲದಾಗ ಕೂಡ್ತದ. ನನ್ನ ವಾಯರ್ ಎಲ್ಲಿ ಹೋಗ್ತದ? ಮಣ್ಣಾಗ ಮಲಗ್ಯದ, ಮಲಗಿದಲ್ಲೇ ಇರ್ತದ.”

ಅವರು ಹೇಳಿದ್ದೆಲ್ಲ ಸರಿ ಇರುತ್ತಿರಲಿಲ್ಲ. ವೈಫೈ ಇದ್ದ ಹೊಲದಲ್ಲಿ ತೊಗರಿ ಹೂವು ಉದುರುತ್ತದೆ ಎಂದು ಅವರ ವಾದ. ಆಧಾರ ಏನು ಎಂದು ಕೇಳಿದರೆ, “ಹೂ ಉದುರಿದ್ದೇ ಆಧಾರ” ಎನ್ನುತ್ತಿದ್ದರು. ನಾನು ಸಿಟ್ಟಿನಿಂದ ಕಾಗದ ಪೆನ್ನು ತೆಗೆಯುತ್ತಿದ್ದೆ. ಅವರು ಪಕ್ಕದ ಪಂಕ್ಚರ್ ಅಂಗಡಿಯ ಮುದುಕನನ್ನು ಕೂಗುತ್ತಿದ್ದರು: “ಏ ಮಾಮೂ, ಬಾರಿಲ್ಲಿ. ಅರ್ಧಾ ಡಾಕ್ಟರ್ ಹೂವಿನ ಲೆಕ್ಕಾ ಮಾಡ್ಲಕತ್ತಾರ.” ಮಾಮೂ ಟಯರಿನಿಂದ ತಲೆ ಎತ್ತದೆ, “ಪೂರಾ ಡಾಕ್ಟರ್ ಆಗ್ಲಿ, ಆಮ್ಯಾಲ ಬರ್ತೇನಿ” ಎನ್ನುತ್ತಿದ್ದ.

ಮಣ್ಣಿನ ವಿಷಯದಲ್ಲಿ ಮಾತ್ರ ಅವರ ಕೂಡ ವಾದಿಸುವಂತಿರಲಿಲ್ಲ. ಬೀದರಿನ ಸುತ್ತಲಿನ ಕೆಂಪು ನೆಲ ಅಗೆದ ಹಾಗೆ ನಿಲ್ಲುತ್ತದೆ. ಭಾಲ್ಕಿ, ಔರಾದಿನ ಕರಿಮಣ್ಣು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ನೇರವಾಗಿ ಹಾಸಿದ ಪೈಪನ್ನು ಎರಡೂ ಕಡೆ ಹಿಡಿದು ಜಗ್ಗುತ್ತದೆ. ಅದಕ್ಕೆ ದಾದಾ ಕರಿಮಣ್ಣಿನಲ್ಲಿ ಪೈಪನ್ನು ಹಾವು ಹರಿದ ಹಾಗೆ ಅಂಕುಡೊಂಕು ಹಾಸುತ್ತಿದ್ದರು. ಕೆಳಗೆ ಮರಳು, ಮೇಲೆ ಮರಳು, ಅದರ ಮೇಲೆ ಒಂದು ಸಾಲು ಇಟ್ಟಂಗಿ, ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಇಟ್ಟಂಗಿಗೆ ತಾಗಲಿ ಎಂದು. ಪಂಪಿಗೆ ಕರೆಂಟು ಒಯ್ಯುವ ತಂತಿಗೆ ಒಂದು ಪೈಪು, ಬರೀ ಸುದ್ದಿ ಒಯ್ಯುವ ಸಣ್ಣ ತಂತಿಗೆ ಬೇರೆ ಪೈಪು. “ದುಡಿಯೋನು ಬ್ಯಾರೆ, ಮಾತಾಡೋನು ಬ್ಯಾರೆ. ಇಬ್ರನ್ನೂ ಒಂದೇ ಕೋಣ್ಯಾಗ ಹಾಕಿದ್ರ ಮಾತಾಡೋನು ಹೆದರಿ ಸುಳ್ಳ ಹೇಳ್ತಾನ.”

ತಂತಿ ಕೂಡಿಸಿದ ಜಾಯಿಂಟಿನ ಮೇಲೆ ಕರಿ ಅರಗು ಸುರಿಯುತ್ತಿದ್ದರು. ಅದು ಪೂರ್ತಿ ಆರುವ ಮೊದಲು ಹೆಬ್ಬೆರಳು ಒತ್ತುತ್ತಿದ್ದರು. ಅದು ಅವರ ಸಹಿ. ಆ ಬೆರಳಿನ ತುದಿ ಸುಟ್ಟು ಸುಟ್ಟು ಗೆರೆಯೇ ಉಳಿದಿರಲಿಲ್ಲ. ಹಾಗಾಗಿ ಅರಗಿನ ಮೇಲೆ ಬೀಳುತ್ತಿದ್ದದ್ದು ಗೆರೆ ಇಲ್ಲದ ಒಂದು ತಗ್ಗು. “ಬೀದರ್ ಜಿಲ್ಲಾದಾಗ ನನ್ನ ಜಾಯಿಂಟ್ ಬಿಟ್ಟಿದ್ದು ಒಂದರೆ ತೋರ್ಸ್ರಿ, ಮೀಸಿ ಬೋಳಿಸ್ತೇನಿ.” ಮೀಸೆ ದಪ್ಪ, ನರೆತದ್ದು, ಎರಡೂ ತುದಿ ಮೇಲಕ್ಕೆ ತಿರುವಿದ್ದು. ಅದನ್ನು ಪಣಕ್ಕಿಟ್ಟರೆ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಹೂಳಿದ ಲೈನನ್ನು ಅವರು ಮೀಟರಿನಿಂದ ಪಾಸು ಮಾಡುತ್ತಿರಲಿಲ್ಲ. ಎರಡು ಹಳೆಯ ಹ್ಯಾಂಡ್‌ಸೆಟ್ ತಂದು, ಒಂದನ್ನು ಮನೆಯ ಕಡೆ, ಒಂದನ್ನು ಗೇಟಿನ ಕಡೆ ಹಚ್ಚಿ, ಆ ಮನೆಯ ಗಂಡ ಹೆಂಡತಿಯೇ ಮಾತಾಡಬೇಕು ಎನ್ನುತ್ತಿದ್ದರು. ನಡುವೆ ಜಾಯಿಂಟ್ ಇದ್ದ ಗುಂಡಿಯಲ್ಲಿ ತಾವು ಮೂರನೆಯ ಹ್ಯಾಂಡ್‌ಸೆಟ್ ಹಿಡಿದು ಕೇಳುತ್ತಿದ್ದರು. ಅದಕ್ಕೆಂದೇ ಪ್ರತಿ ಜಾಯಿಂಟಿನಿಂದ ಎರಡು ಸಣ್ಣ ಮೊಳೆ ಹೊರಗೆ ಬಿಟ್ಟಿರುತ್ತಿದ್ದರು. ಅರಗು ಒಡೆಯದೆ ಕೇಳಬಹುದಿತ್ತು. ಕಡಿದ ಲೈನು ಸತ್ತಿರುತ್ತದಂತೆ. ನೀರು ಕುಡಿದ ಲೈನು ಚರಚರ ಎನ್ನುತ್ತದಂತೆ. ಚೆನ್ನಾಗಿದ್ದದ್ದು ಸಣ್ಣಗೆ ಉಸಿರಾಡುತ್ತದಂತೆ.

ಬಗದಲ್‌ನಲ್ಲಿ ಒಬ್ಬ ದೊಡ್ಡ ಹೊಲದ ಮಾಲಕರು, ಹಣೆಗೆ ವಿಭೂತಿ, ಬಹಳ ಗಂಭೀರ ಮನುಷ್ಯ. ದಾದಾ ಗುಂಡಿಯಿಂದ “ಜೈ ಭೀಮ್ ರೀ” ಎಂದರು. ಗೇಟಿನಿಂದ ಮಾಲಕರು “ಶರಣು ಶರಣಾರ್ಥಿ” ಎಂದರು. “ಹಾಂ, ಈಗ ಬಾಯಿಯವ್ರ ಕೂಡ ಮಾತಾಡ್ರಿ.” ನನಗೂ ಕೇಳಲಿ ಎಂದು ಹ್ಯಾಂಡ್‌ಸೆಟ್ಟನ್ನು ಇಬ್ಬರ ಕಿವಿಗಳ ನಡುವೆ ಹಿಡಿದರು.

“ಹಲೋ.”

“ಹಾಂ.”

“ನಾ ಮಾತಾಡ್ಲಕತ್ತೀನಿ.”

“ಗೊತ್ತದ. ಗೇಟಿನ ಮುಂದ ನಿಂತೀರಿ, ಇಲ್ಲಿಂದ ಕಾಣಿಸ್ತೀರಿ.”

“ಮತ್ತೇನು?”

“ಮತ್ತೇನ್ರಿ. ಲಗ್ನ ಆದಾಗಿಂದ ನೀವಾಗೇ ಫೋನ್ ಹಚ್ಚಿ ಮಾತಾಡ್ಸಿದ್ದು ಇವತ್ತೇ. ಅದೂ ವಾಯರ್ ಚೆಕ್ ಮಾಡ್ಲಕ.”

ದಾದಾ ನಕ್ಕು ನಕ್ಕು ಗುಂಡಿಯ ಅಂಚಿಗೆ ಕೂತರು. “ಪಾಸ್! ಲೈನ್ ಪಾಸ್!”

ವೈನಿ ನರ್ಸಬಾಯಿ ಆಗಿದ್ದವರು. ಔರಾದಿನ ಹಳ್ಳಿಗಳಲ್ಲಿ ಅವರ ಕೈಯಲ್ಲಿ ಹುಟ್ಟಿದವರು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡಿದ್ದಾರೆ. ನಿವೃತ್ತರಾದ ಸ್ವಲ್ಪ ದಿನಕ್ಕೆ ಅವರ ಹೃದಯ ದಣಿಯಿತು. ಕಾಲಿಗೆ ಬಾವು, ಮಲಗಿದರೆ ಉಸಿರು ಕಟ್ಟುವುದು. ಬೀದರಿನ ಆಸ್ಪತ್ರೆ, ಅಲ್ಲಿಂದ ಹೈದರಾಬಾದು, ಮತ್ತೆ ಬೀದರು. ಪ್ರತಿ ಸಲ ಮೂಗಿಗೆ ನಳಿಕೆ, ಕೈಗೆ ಸೂಜಿ, ಮಂಚದ ಕೆಳಗೆ ಚಪ್ಪಲಿ ಬಿಟ್ಟು ಕೂತ ದಾದಾ. “ನಾ ಎಷ್ಟ ಮಂದಿಗಿ ಚುಚ್ಚೀನಿ, ಎಲ್ಲಾ ಬಡ್ಡಿ ಸಮೇತ ನನಗ ತಿರುಗಿ ಚುಚ್ಚಲಕತ್ತಾರ ನೋಡ್ರಿ ಭಾವೂಜಿ” ಎಂದು ನನ್ನನ್ನು ನಗಿಸುತ್ತಿದ್ದರು. ಡಾಕ್ಟರು ಹೇಳುವ ಮೊದಲೇ ಅವರಿಗೆ ಎಲ್ಲ ತಿಳಿಯುತ್ತಿತ್ತು. ಅದೇ ಅವರ ಕಷ್ಟ.

ಅವರ ಮನೆ ಹೊಲದ ಆಚೆ ತುದಿಗೆ, ಹಳ್ಳ ದಾಟಿ, ಬಾವಿಯ ಹತ್ತಿರ. ಅಂಗಡಿ ಈಚೆ, ರಸ್ತೆಗೆ. ಹಗಲು ದಾದಾ ಅಂಗಡಿಯಲ್ಲಿರುವಾಗ ವೈನಿ ಒಬ್ಬರೇ. ಹಾಗಾಗಿ ಅಂಗಡಿಯಿಂದ ಮನೆಗೆ ದಾದಾ ತಮ್ಮ ಜೀವಮಾನದ ಲೈನು ಹಾಸಿದರು. ಅಂಗಡಿಯ ಗೋಡೆಗೆ ಒಂದು ಹಲಗೆ, ಹಲಗೆಯ ಮೇಲೆ ಬಟನ್ನುಗಳು. ಇಲ್ಲಿ ಒತ್ತಿದರೆ ಅಲ್ಲಿ ಫ್ಯಾನು ತಿರುಗುತ್ತಿತ್ತು, ಪಂಪು ಹತ್ತುತ್ತಿತ್ತು, ಬಾಗಿಲ ಚಿಲಕ ಬಿಚ್ಚುತ್ತಿತ್ತು. ಸೆಕೆ ಹೆಚ್ಚಾದರೆ, “ತಡೀರಿ, ಆಕಿಗಿ ಗಾಳಿ ಬಿಡ್ತೇನಿ” ಎಂದು ಎದ್ದು ಹೋಗಿ ಒತ್ತಿ ಬರುತ್ತಿದ್ದರು. ಅಲ್ಲಿಂದ ಇಲ್ಲಿಗೆ ಬರುವ ಸುದ್ದಿ ಮಾತ್ರ ಒಂದೇ. ವೈನಿಯ ಮಂಚಕ್ಕೆ ದಾರದಲ್ಲಿ ತೂಗುಬಿಟ್ಟ ಒಂದು ಬಟನ್ನು, ಅಂಗಡಿಯ ಗೋಡೆಗೆ ಒಂದು ಗಂಟೆ.

ಅದನ್ನು ಕಟ್ಟಿದ ದಿನ ನಾನಿದ್ದೆ. ಇದರಲ್ಲಿ ನನಗೆ ಅನುಮಾನವಿಲ್ಲ.

“ಇದ್ಯಾಕ್ರಿ?” ಎಂದರು ವೈನಿ.

“ಏನರೆ ಆದ್ರ ಒತ್ತು.”

“ಒತ್ತಿದ್ರ?”

“ನಾ ಬರ್ತೇನಿ.”

“ನೀವೊಬ್ರೇ ಎಲ್ಲಿ ಬರ್ತೀರಿ? ಆಟೊ ತಗೊಂಡು ಬರ್ತೀರಿ. ಆಟೊ ಬೀದರಿಗಿ ಹೋಗ್ತದ.”

“ಹೌದು ಮತ್ತ! ಆಸ್ಪತ್ರಿಗಿ ಒಯ್ಯಲಾರದೆ ಆರತಿ ಮಾಡಬೇಕೇನು?”

“ಹಂಗಾದ್ರ ಇದು ಗಂಟಿ ಅಲ್ರಿ. ಆಟೊದ ಹಾರನ್ನು.”

ದಾದಾ ದಾರದ ಉದ್ದ ಸರಿ ಮಾಡಿದರು. ಆಮೇಲೆ ನಾವಿಬ್ಬರೂ ಹಳ್ಳದ ದಂಡೆಯ ಗುಂಡಿಗೆ ಹೋದೆವು. ಲೈನು ಪಾಸು ಮಾಡಲು ಅವರೂ ಹೆಂಡತಿಯ ಕೂಡ ಮಾತಾಡಬೇಕಿತ್ತಲ್ಲ. ನನಗೆ ಈ ಕಡೆಯ ಮಾತಷ್ಟೇ ಕೇಳಿತು. “ಹಾಂ... ಹಾಂ... ಏನಂದಿ?... ಸುಮ್ನಿರು.” ಮತ್ತೆ ಬಹಳ ಹೊತ್ತು ಸುಮ್ಮನೆ ಕೇಳಿದರು. ಹ್ಯಾಂಡ್‌ಸೆಟ್ ಇಳಿಸಿ ಅರಗು ಸುರಿದು ಬೆರಳು ಒತ್ತಿದರು. ಪಾಸ್ ಎನ್ನುವುದನ್ನು ಮರೆತರು.

ಆ ಗಂಟೆ ಅದರ ನಂತರ ಕೆಲವು ಸಲ ಬಾರಿಸಿತು. ಪ್ರತಿ ಸಲ ಆಟೊ ಬಂತು, ಬೀದರಿಗೆ ಹೋಯಿತು. ವೈನಿ ಪ್ರತಿ ಸಲ ಇನ್ನಷ್ಟು ಸಣ್ಣಗಾಗಿ ತಿರುಗಿ ಬಂದರು. ಕೊನೆಯ ಸಲ ಬಂದಾಗ ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ, ಅಥವಾ ಸ್ಪಷ್ಟವಾಗಿದೆ ಎಂದುಕೊಂಡಿದ್ದೇನೆ: “ಇನ್ನ ಸಾಕ್ರಿ. ಇಲ್ಲೇ ಬಾವಿ ಸಪ್ಪಳ ಕೇಳ್ಕೊಂತ ಇರ್ತೇನಿ.” ದಾದಾ ಹಿತ್ತಿಲ ಕಡೆ ತಿರುಗಿ, “ಸಾಕ ಅಂದ್ರ ಯಾರ್ ಕೇಳ್ತಾರ” ಎಂದರು.

ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದದ್ದೇ ಊದಿನಕಡ್ಡಿ ಹಚ್ಚುವ ಬದಲು ಗಂಟೆಯ ಪಕ್ಕದ ಬಟನ್ನು ಒತ್ತಿ ಒಂದು ಸಲ ಬಾರಿಸುವುದು ಅವರ ರೂಢಿ. ಗಂಟೆ, ಬ್ಯಾಟರಿ ಎರಡೂ ಸರಿ ಇವೆ ಎಂದು ಅದರಿಂದ ತಿಳಿಯುತ್ತಿತ್ತು, ಮಣ್ಣಿನೊಳಗಿನ ಲೈನಿನ ಸುದ್ದಿ ತಿಳಿಯುತ್ತಿರಲಿಲ್ಲ. “ಸಾಲಿ ಸುರು ಆತೇನು ದಾದಾ?” ಎಂದು ಮಾಮೂ ಕೂಗುತ್ತಿದ್ದ. ವೈನಿ ತೀರಿದ ದಿನವೂ ಬೆಳಿಗ್ಗೆ ಅದು ಬಾರಿಸಿತ್ತು, ಮಾಮೂ ಕೇಳಿದ್ದಾನೆ. ಮಳೆಗಾಲ, ಹೊಲವೆಲ್ಲ ಉಬ್ಬಿ ನಿಂತಿತ್ತು. ಮಧ್ಯಾಹ್ನ ಊಟಕ್ಕೆಂದು ದಾದಾ ಹಳ್ಳ ದಾಟಿ ಹೋದಾಗ ವೈನಿ ಮಂಚದ ಮೇಲೆ ತಣ್ಣಗಾಗಿದ್ದರು. ಗಂಟೆ ಬಾರಿಸಿರಲಿಲ್ಲ.

ಆ ದಿನ ನಾನು ಅಂಗಡಿಯಲ್ಲಿ ಕೂತಿದ್ದೆ ಎಂದು ಅನೇಕರಿಗೆ ಹೇಳಿದ್ದೇನೆ. ಈಗ ಯೋಚಿಸಿದರೆ, ಬಾರಿಸದ ಗಂಟೆಯನ್ನು ಮನುಷ್ಯ ಹೇಗೆ ನೆನಪಿಟ್ಟುಕೊಳ್ಳುತ್ತಾನೆ? ಸುದ್ದಿ ಕೇಳಿ ಓಡಿಬಂದವನು ಆಮೇಲೆ ಆ ಮೌನವನ್ನು ತಲೆಯಲ್ಲಿ ಕಟ್ಟಿಕೊಂಡಿರಬಹುದು. ಮನೆಯ ಒಳಗೆ ಹೋದಾಗ ಬಟನ್ನಿನ ದಾರ ಮಂಚದ ಹತ್ತಿರ ಇರಲಿಲ್ಲ. ಅಚ್ಚುಕಟ್ಟಾಗಿ ಸುತ್ತಿ ಎತ್ತರದ ಮೊಳೆಗೆ ಹಾಕಿತ್ತು. ಇದನ್ನು ಕಣ್ಣಾರೆ ಕಂಡೆ. ಆದರೆ ಸುತ್ತಿಟ್ಟವರು ಯಾರು? ಹೆಣಕ್ಕೆ ಸೀರೆ ಉಡಿಸಿದ ಹೆಂಗಸರು ಅಡ್ಡ ಬರುತ್ತದೆಂದು ಎತ್ತಿಟ್ಟಿರಬಹುದು. ಕೇಳಿದೆ. ಒಬ್ಬರು ಹೌದೆಂದರು. ಇನ್ನೊಬ್ಬರು ತಾವು ಯಾರೂ ಮುಟ್ಟಿಲ್ಲವೆಂದರು.

ಬುದ್ಧ ವಿಹಾರದಿಂದ ಭಂತೇಜಿ ಬಂದು ವಂದನೆ ಹೇಳಿ ಹೋದ ದಿನ ದಾದಾ ಮೀಸೆ ಬೋಳಿಸಿಕೊಂಡು ಬಂದು ಕೂತರು. ನೆಂಟರು ದುಃಖಕ್ಕೆ ಎಂದುಕೊಂಡರು. ಅವರ ಕಡೆ ಅಂಥ ಪದ್ಧತಿ ಇಲ್ಲ. ಮಾಮೂ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಬರಿದಾದ ಮೇಲ್ದುಟಿಯ ದಾದಾ ನೆರೆದವರಿಗೆಲ್ಲ ಕೇಳುವಂತೆ ಹೇಳಿದರು: “ನನ್ನ ಜಾಯಿಂಟ್ ಬಿಟ್ಟದ. ಆಕಿ ಒತ್ತ್ಯಾಳ. ನನ್ನ ಜಾಯಿಂಟ್ ಬಿಟ್ಟದ.”

ಆ ಮೇಲೆ ಬಂದವರಿಗೆಲ್ಲ ಇದೇ ಮಾತು. ಕೆಲಸ ಕೊಡಲು ಬಂದವರಿಗೆ, “ಬ್ಯಾರೆ ಯಾರನ್ನರೆ ನೋಡ್ರಿ, ನನ್ನ ಕೆಲಸ ಭರೋಸ ಇಲ್ಲ” ಎನ್ನುತ್ತಿದ್ದರು. ಬಗದಲ್‌ನ ಮಾಲಕರು ಅಷ್ಟು ದೂರದಿಂದ ಬಂದು, “ನಮ್ಮ ಗೇಟ್ ಇವತ್ತಿಗೂ ಬರೋಬರಿ ಅದ ರೀ” ಎಂದು ಸಮಾಧಾನ ಹೇಳಿದರು. “ಅದು ಕೆಂಪ ಮಣ್ಣಿನ ಪುಣ್ಯ” ಎಂದರು ದಾದಾ.

ನಾನು ಸುಮ್ಮನಿರುವ ಪೈಕಿ ಅಲ್ಲ. “ದಾದಾ, ಗುಂಡಿ ತೆಗೆದು ನೋಡೋಣ್ರಿ. ಬಿಟ್ಟಿದ್ರ ಬಿಟ್ಟದ, ಗೊತ್ತಾಗ್ಲಿ” ಎಂದೆ. ಇನ್ನೊಬ್ಬರ ಹೊಲದಲ್ಲಿ ಎಲ್ಲಿ ತಪ್ಪಿದೆ ಎಂದರೆ ಅನ್ನ ಬಿಟ್ಟು ಗುದ್ದಲಿ ಹಿಡಿಯುತ್ತಿದ್ದ ಮನುಷ್ಯ ಅಲ್ಲಾಡಲಿಲ್ಲ.

“ಯಾಕ ನೋಡಬೇಕು? ನಾ ಹೇಳ್ಲಕತ್ತೀನಲ್ಲ.”

“ಹೇಳಿದ್ರ ಹ್ಯಾಂಗ್ರಿ? ನಾ ಮೀಟರ್ ತರ್ತೇನಿ.”

“ನಿಮ್ಮ ಮೀಟರ್ ನಿಮ್ಮ ಕಾಲೇಜಿನ್ಯಾಗ ಇರ್ಲಿ.” ಅವರು ಎದ್ದು ನಿಂತರು. ಅಂಥ ಧ್ವನಿ ಅವರಲ್ಲಿ ನಾನು ಕೇಳಿರಲಿಲ್ಲ. “ಆ ಗುಂಡಿ ಮುಟ್ಟಿದ್ರ ಈ ಬಾಗಲಾ ತುಳೀಬ್ಯಾಡ್ರಿ.”

ತುಳಿಯುವುದನ್ನು ಬಿಡಲಿಲ್ಲ, ಆದರೆ ಜಗಳ ನಿಂತುಹೋಯಿತು. ತೊಗರಿ ಹೂವಿನ ಮಾತು ತೆಗೆದರೂ ಅವರು, “ಇರಬಹುದು ಬಿಡ್ರಿ” ಎನ್ನುತ್ತಿದ್ದರು. ಬೆಳಿಗ್ಗೆ ಗಂಟೆ ಬಾರಿಸುವುದು ನಿಂತಿತು. ಬ್ಯಾಟರಿಯ ತಂತಿ ಬಿಚ್ಚಿಟ್ಟರು. ಮುಂದಿನ ಬೇಸಿಗೆಗೆ ಹೊಲ ಬಿರುಕು ಬಿಡುವ ಹೊತ್ತಿಗೆ ಅವರೂ ಮಂಚ ಹಿಡಿದರು. ಡಾಬಕಾಕ್ಕೆ ಒಯ್ದು ಮಣ್ಣು ಮಾಡಿದೆವು. ನಮ್ಮ ಜಿಲ್ಲೆಯಲ್ಲಿ ಅವರು ಹೂಳಿದ ತಂತಿ ಎಲ್ಲೆಲ್ಲಿ ಹರಿದಿದೆ ಎಂಬುದು ಈಗ ಯಾರಿಗೂ ಪೂರ್ತಿ ಗೊತ್ತಿಲ್ಲ.

ಮಣ್ಣು ಮಾಡಿ ಬರುವ ದಾರಿಯಲ್ಲೇ ನನ್ನ ತಲೆಯಲ್ಲಿ ಆ ದೃಶ್ಯ ಹುಟ್ಟಿಕೊಂಡಿತು: ಮಳೆ, ಗುಂಡಿ, ಕಿವಿಗೆ ಹ್ಯಾಂಡ್‌ಸೆಟ್. ಹುಟ್ಟಿತೋ, ನೆನಪಾಯಿತೋ. ಅವರು ಆವತ್ತು ಕೇಳಿದ್ದರೆ, ಕೇಳಿದ್ದು ಏನು? ಚರಚರವೋ, ಸತ್ತ ಮೌನವೋ, ಸಣ್ಣ ಉಸಿರೋ? ಉಸಿರಾಗಿದ್ದರೆ ಆ ಮನುಷ್ಯ ತನ್ನ ಮೀಸೆಯನ್ನೂ ಹೆಸರನ್ನೂ ಕೊಟ್ಟು ಕೊಂಡುಕೊಂಡದ್ದು ಒಂದು ಸುಳ್ಳು. ಹೆಂಡತಿ ತನ್ನನ್ನು ಕರೆದಳು ಎನ್ನುವ ಸುಳ್ಳು. ಕೇಳದೇ ಇದ್ದರೆ ಅವರು ಅದನ್ನು ನಿಜವೆಂದೇ ನಂಬಿ, ಆಕೆ ಒತ್ತುತ್ತಿರುವಾಗ ತಾನು ಈಚೆ ಚಹಾ ಕುಡಿಯುತ್ತಿದ್ದೆ ಎಂದು ದಿನಾ ಬೇಯುತ್ತ ಹೋದರು. ಯಾವುದು ಕಡಿಮೆ ನೋವು ಎಂದು ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ. ಇನ್ನೂ ಒಂದು ಸಾಧ್ಯತೆ ಇದೆ: ವೈನಿಗೆ ಒತ್ತುವಷ್ಟು ಸಮಯವೇ ಸಿಕ್ಕಿರಲಿಕ್ಕಿಲ್ಲ. ಇದನ್ನು ನಾನೇ ನನಗೆ ಬಹಳ ಸಲ ಹೇಳಿಕೊಂಡಿದ್ದೇನೆ. ಆಗೆಲ್ಲ ಆ ಮೊಳೆ, ಸುತ್ತಿಟ್ಟ ದಾರ ಕಣ್ಣಿಗೆ ಬರುತ್ತದೆ.

ಲೈನು ನೋಡುವುದೊಂದು ನನ್ನ ಕೈಯಲ್ಲಿತ್ತು. ಕೂಡಲೇ ನೋಡಲಿಲ್ಲ. ಒಣಗಿದ ನೆಲದಲ್ಲಿ ನೀರು ಕುಡಿದ ಜಾಯಿಂಟೂ ಒಳ್ಳೆಯದರಂತೆ ನಟಿಸುತ್ತದೆ. ವೈನಿ ಹೋದಾಗ ಮಣ್ಣು ಹೇಗಿತ್ತೋ ಹಾಗೇ ಆಗುವವರೆಗೆ ಕಾಯ್ದೆ. ಮಳೆ ಹಿಡಿದು, ಹಳ್ಳ ತುಂಬಿ, ಕರಿಮಣ್ಣು ಉಬ್ಬಿ ಚಪ್ಪಲಿ ಕಚ್ಚಲು ಶುರುವಾದ ಮೇಲೆ ಹೋದೆ. ಹೊಲ ಈಗ ದಾದಾ ಅವರ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಮನೆಯ ಕೀಲಿ ಅವನು ಕೊಟ್ಟ. ಅಂಗಡಿಯ ಕೀಲಿ ಮಾಮೂನ ಹತ್ತಿರ ಇತ್ತು.

ಮೊದಲು ಗುಂಡಿಯ ಮುಚ್ಚಳ ತೆಗೆದೆ. ಒಳಗೆ ಮೊಳಕಾಲುದ್ದ ನೀರು. ಕೈ ಹಾಕಿ ಜಾಯಿಂಟು ಎತ್ತಿ ಒರೆಸಿದೆ. ಅರಗು ಎಲ್ಲೂ ಒಡೆದಿರಲಿಲ್ಲ, ಯಾರೂ ತೆರೆದು ಮತ್ತೆ ಮುಚ್ಚಿರಲಿಲ್ಲ. ಗೆರೆ ಇಲ್ಲದ ಹೆಬ್ಬೆರಳಿನ ತಗ್ಗು ಹಾಗೇ ಇತ್ತು. ಅದನ್ನು ನೀರಿಗೆ ಬಿಟ್ಟೆ. ಅಂಗಡಿಯಲ್ಲಿ ಹೊಸ ಬ್ಯಾಟರಿ ಹಚ್ಚಿ, ಪಕ್ಕದ ಬಟನ್ನು ಒತ್ತಿ ಗಂಟೆ ಬಾರಿಸುತ್ತದೆಂದು ನೋಡಿಕೊಂಡು, ಮಾಮೂನನ್ನು ಅದರ ಕೆಳಗೆ ಕೂಡಿಸಿದೆ. “ಬಾರಿಸಿದ್ರ ಹೇಳ್ರಿ, ಸುಳ್ಳ ಹೇಳಬ್ಯಾಡ್ರಿ.” “ಈ ವಯಸ್ಸಿನ್ಯಾಗ ನನಗ ಸುಳ್ಳ ಕಲಿಸ್ತೀರೇನು?” ಎಂದ. ಹಳ್ಳ ದಾಟಿ ಮನೆಗೆ ಹೋದೆ. ಮೊಳೆಯಿಂದ ದಾರ ಬಿಚ್ಚಿ, ಮಾಮೂನಿಗೆ ಮೊಬೈಲು ಹಚ್ಚಿ ಕಿವಿಗಿಟ್ಟುಕೊಂಡು, ವೈನಿಯ ಬಟನ್ನು ಒತ್ತಿದೆ.

ಮಳೆಗೆ ಕೆಟ್ಟ ನೆಟ್‌ವರ್ಕಿನಲ್ಲಿ ಬರೀ ಗರಗರ ಕೇಳಿತು, ಮಾಮೂ ಏನೂ ಹೇಳಲಿಲ್ಲ. ಬಿಟ್ಟು ಮತ್ತೆ ಒತ್ತಿದೆ, ಒತ್ತಿಯೇ ಹಿಡಿದೆ.

“ಮಾಮೂ, ಕೇಳಿಸ್ತದೇನ್ರಿ?”

“ಮೊದಲ ಸಲ ಒತ್ತಿದಾಗಿಂದ ಕೇಳಿಸ್ಲಕತ್ತದ ಸರ್,” ಎಂದ ಮಾಮೂ. “ಕೈ ತಗೀರಿ.”